ಸಾಕುಬೆಕ್ಕು ಕಚ್ಚಿದ ಗಾಯಕ್ಕೆ ಅರಿಸಿನ ಸಾಕೇ?

ನಿನ್ನೆ ಸಂಜೆ ಬೆಕ್ಕಿಗೆ ಮಾತ್ರೆ ನುಂಗಿಸುವಾಗ ಅದು ಹೆಬ್ಬೆರಳಿನ ಬುಡಕ್ಕೆ ಕಚ್ಚಿತೆಂದೂ, ಎರಡು ಸಣ್ಣ ತೂತುಗಳ ಹೊರತು ಬೇರೇನೂ ಕಾಣುತ್ತಿಲ್ಲವೆಂದೂ, ಅರಿಸಿನ ಹಚ್ಚಿದರೆ ಸಾಕೇ ಎಂದೂ ಕೇಳಿದ್ದೀರಿ. ಖಂಡಿತ ಸಾಲದು, ದಯವಿಟ್ಟು ಇಂದೇ ವೈದ್ಯರನ್ನು ಕಾಣಿರಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು, ಬಾಯಿಯಲ್ಲಿರುವ ಪಾಶ್ಚುರೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳನ್ನು ಒಳಗೆ ಬಿಡುತ್ತದೆ. ಮೇಲಿನ ಚರ್ಮ ಬೇಗನೆ ಮುಚ್ಚಿಕೊಳ್ಳುವುದರಿಂದ ಸೋಂಕು ಒಳಗೇ ಬೆಳೆಯುತ್ತದೆ. ಕೈಯಲ್ಲಂತೂ ಕೀಲು ಮತ್ತು ಸ್ನಾಯುರಜ್ಜುಗಳು ಚರ್ಮಕ್ಕೆ ತೀರ ಹತ್ತಿರದಲ್ಲಿವೆ.

ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ಈಗಲಾದರೂ ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಪೊವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕವನ್ನು ಹಚ್ಚಿರಿ. ನಮ್ಮ ಅತ್ತೆಯವರಿಗೆ ಹೀಗೆಯೇ ಆದಾಗ, ರಾತ್ರಿ ಮಲಗುವಾಗ ಏನೂ ಇಲ್ಲದ ಬೆರಳು ಬೆಳಗಾಗುವಷ್ಟರಲ್ಲಿ ಉಂಗುರ ಕತ್ತರಿಸಬೇಕಾಗುವಷ್ಟು ಊದಿತ್ತು. ಆದ್ದರಿಂದ ಉಂಗುರವಿದ್ದರೆ ಮೊದಲು ತೆಗೆದಿಡಿ. ಕೆಂಪಾಗಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಕೆಂಪು ಆ ಗೆರೆಯನ್ನು ದಾಟಿದರೆ, ತೋಳಿನತ್ತ ಎಳೆಯಾಗಿ ಏರಿದರೆ, ಕೀವು, ಜ್ವರ ಅಥವಾ ಬೆರಳು ಮಡಚಲಾಗದ ನೋವು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಕೈಗೆ ಆಳವಾಗಿ ಕಚ್ಚಿದಾಗ ಸೋಂಕು ಕಾಣುವ ಮೊದಲೇ ವೈದ್ಯರು ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ನೀವೇ ನುಂಗಬೇಡಿ. ಧನುರ್ವಾಯು ಚುಚ್ಚುಮದ್ದನ್ನು ಕೊನೆಯದಾಗಿ ಯಾವಾಗ ಪಡೆದಿರೆಂದು ವೈದ್ಯರಿಗೆ ತಿಳಿಸಿ. ರೇಬೀಸ್ ನಮ್ಮಲ್ಲಿ ಬೆಕ್ಕಿನಿಂದಲೂ ಬರಬಹುದಾದ್ದರಿಂದ, ನಿಮ್ಮ ಬೆಕ್ಕಿನ ಲಸಿಕೆಯ ಚೀಟಿಯನ್ನು ಜೊತೆಗೆ ಒಯ್ಯಿರಿ. ಬೆಕ್ಕನ್ನು 10 ದಿನ ಗಮನಿಸುವುದು ಅಗತ್ಯವೇ, ಆದರೆ ಆ 10 ದಿನ ಮುಗಿಯಲೆಂದು ನಿಮ್ಮ ರೇಬೀಸ್ ಚುಚ್ಚುಮದ್ದನ್ನು ಮುಂದೂಡಬೇಡಿ.