ಪರಿಚಿತರಿಗೆ ಮಾತ್ರೆ, ತಂದೆಗೆ ಕೀಮೋಥೆರಪಿ ಏಕೆ?

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್ ಇರುವ ನಿಮ್ಮ ತಂದೆಯವರಿಗೆ ಸಿಸ್‌ಪ್ಲಾಟಿನ್ ಕೀಮೋಥೆರಪಿ ನಡೆಯುತ್ತಿರುವಾಗ, ಅದೇ ಕಾಯಿಲೆಯ ಪರಿಚಿತರೊಬ್ಬರು ದಿನಕ್ಕೊಂದು ಮಾತ್ರೆ ನುಂಗಿ ಓಡಾಡಿಕೊಂಡಿದ್ದಾರೆ, ಈ ಭೇದವೇಕೆ ಎಂದು ಕೇಳಿದ್ದೀರಿ. ಚಿಕಿತ್ಸೆ ನಿಲ್ಲಿಸಿಬಿಟ್ಟಾರೆಂಬ ಭಯದಿಂದ ತಂದೆಯವರು ಬೆರಳು ಜೋಮು ಹಿಡಿಯುವುದನ್ನು ವೈದ್ಯರಿಗೆ ಹೇಳುತ್ತಿಲ್ಲವೆಂದೂ ಬರೆದಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರ ಬಯಾಪ್ಸಿ ವರದಿಯಲ್ಲಿರುತ್ತದೆ. ಗೆಡ್ಡೆಯ ಜೀವಕೋಶಗಳಲ್ಲಿ ಇಜಿಎಫ್‌ಆರ್, ಎಎಲ್‌ಕೆಯಂಥ ಜೀನ್‌ಗಳು ಬದಲಾಗಿದ್ದರೆ ಮಾತ್ರ ಆ ಬಗೆಯ ಮಾತ್ರೆಗಳು ಹಿಡಿಯುತ್ತವೆ. ಇಲ್ಲದಿದ್ದರೆ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ. ಆದ್ದರಿಂದ ಜೀನ್ ಪರೀಕ್ಷೆ ಆಗಿದೆಯೇ, ಏನು ಬಂತು ಎಂದು ಸಂಕೋಚವಿಲ್ಲದೆ ಕೇಳಿ. ಕಾಯಿಲೆ ಆರಂಭದ ಹಂತದಲ್ಲಿದ್ದು ದೇಹ ತಾಳುವಂತಿದ್ದರೆ ಶಸ್ತ್ರಚಿಕಿತ್ಸೆ, ಅದು ಆಗದಿದ್ದಾಗ ವಿಕಿರಣ ಚಿಕಿತ್ಸೆ ಎಂಬ ದಾರಿಗಳೂ ಇವೆ.

ಮಾತ್ರೆಗೂ ಅಡ್ಡಪರಿಣಾಮಗಳುಂಟು. ಮೈಮೇಲೆ ಗುಳ್ಳೆ, ಭೇದಿ, ಉಗುರಿನ ಅಂಚಿನಲ್ಲಿ ಕೀವು, ಅಪರೂಪಕ್ಕೆ ಶ್ವಾಸಕೋಶದ ಉರಿಯೂತವೂ ಕಾಣಿಸಿಕೊಳ್ಳಬಹುದು. ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನು ಹುರಿದುಂಬಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆಯಲ್ಲಿ, ಆ ಶಕ್ತಿಯು ಕರುಳು, ಥೈರಾಯ್ಡ್, ಶ್ವಾಸಕೋಶಗಳ ಮೇಲೂ ಎರಗಬಹುದು, ಅದೂ ಕೆಲವೊಮ್ಮೆ ಔಷಧ ನಿಂತು ತಿಂಗಳುಗಳಾದ ಮೇಲೆ. ವಿಕಿರಣ ಚಿಕಿತ್ಸೆ ಮುಗಿದು 1ರಿಂದ 6 ತಿಂಗಳೊಳಗೆ ಒಣಕೆಮ್ಮು, ಏದುಸಿರು ಬಂದರೆ ಅದನ್ನು ಶೀತವೆಂದು ಬಿಡಬಾರದು.

ಕೀಮೋಥೆರಪಿಯಲ್ಲಿ ಎಲ್ಲರೂ ಅಂಜುವ ವಾಂತಿಯನ್ನು ಮುಂಚಿತವಾಗಿ ಕೊಡುವ ಔಷಧಗಳಿಂದ ಈಗ ಬಹುಮಟ್ಟಿಗೆ ತಡೆಯಬಹುದು. ನಾನು ಹೆಚ್ಚು ಅಂಜುವುದು ಜ್ವರಕ್ಕೆ. ರಕ್ತನಾಳಕ್ಕೆ ಔಷಧ ಏರಿಸಿದ ಸುಮಾರು 7ರಿಂದ 14 ದಿನಗಳಲ್ಲಿ ಬಿಳಿ ರಕ್ತಕಣಗಳು ತೀರ ಇಳಿಯುವುದರಿಂದ, ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬಾರದು.

ಇನ್ನು ಆ ಜೋಮಿನ ವಿಷಯ. ಸಿಸ್‌ಪ್ಲಾಟಿನ್ ನರಗಳನ್ನೂ ಕಿವಿಯನ್ನೂ ಮೂತ್ರಪಿಂಡಗಳನ್ನೂ ಬಾಧಿಸಬಲ್ಲದು. ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ತಡವರಿಸುತ್ತಿದೆಯೇ, ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ ಎಂದು ತಂದೆಯವರನ್ನು ನೀವೇ ವಿಚಾರಿಸಿ, ಅವರೆದುರಿಗೇ ವೈದ್ಯರಿಗೆ ಹೇಳಿ. ಹೇಳಿದರೆ ಚಿಕಿತ್ಸೆಯೇ ನಿಲ್ಲುತ್ತದೆಂದೇನಿಲ್ಲ. ಪ್ರಮಾಣ ಇಳಿಸುವುದಕ್ಕೆ, ಕಾರ್ಬೋಪ್ಲಾಟಿನ್‌ನಂಥ ಬೇರೆ ಔಷಧಕ್ಕೆ ಬದಲಾಯಿಸುವುದಕ್ಕೆ ಅವಕಾಶವಿರುತ್ತದೆ. ಮುಚ್ಚಿಟ್ಟರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿದುಬಿಡಬಹುದು. ಆದ್ದರಿಂದ ಮುಂದಿನ ಭೇಟಿಯವರೆಗೆ ಕಾಯದೆ, ಈ ಪತ್ರಿಕೆ ಕೈಸೇರಿದ ದಿನವೇ ವೈದ್ಯರಿಗೆ ತಿಳಿಸಿ.

– ಸಂಪಾದಕ