ಪ್ರತಿಕ್ರಿಯೆ: 4294967297 ಅವಿಭಾಜ್ಯವೇ?
ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಆಧಾರ 2ರ ಫರ್ಮಾ ಪರೀಕ್ಷೆ (2ರ n−1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬಂದರೆ n ಅವಿಭಾಜ್ಯವಿರಬಹುದು ಎನ್ನುವ ಪರೀಕ್ಷೆ) ಇದನ್ನು ಅವಿಭಾಜ್ಯ ಎಂದರೂ 641ರಿಂದ ಭಾಗವಾಗುತ್ತಿದೆ ಎಂದು ಕೇಳಿದ್ದೀರಿ. ಭಾಗಾಕಾರವನ್ನೇ ನಂಬಿ: 641 × 6700417. ಗಣಿತಜ್ಞ ಆಯ್ಲರ್ 1732ರಲ್ಲೇ ಕಂಡುಕೊಂಡ ಅಪವರ್ತನ ಇದು.

ಮೋಸ ಆಗುವುದು ಆಧಾರದಲ್ಲಿ. ಈ ಸಂಖ್ಯೆ 2³²+1, ಅಂದರೆ ಫರ್ಮಾ ಸಂಖ್ಯೆ (2ರ ಘಾತವೂ 2ರದೇ ಒಂದು ಘಾತವಾಗಿದ್ದು, ಅದಕ್ಕೆ 1 ಕೂಡಿಸಿದ ಸಂಖ್ಯೆ). ಇದರಿಂದ ಭಾಗಿಸಿದಾಗ 2³²ರ ಶೇಷ −1, ಹಾಗಾಗಿ 2⁶⁴ರ ಶೇಷ 1. ಪರೀಕ್ಷೆಯ ಘಾತ n−1, ಅಂದರೆ 2³² ಆಗಿದ್ದು, ಅದು 64ರ ಗುಣಕ. ಉತ್ತರ 1 ಬರಲೇಬೇಕು. ಆಧಾರ 2 ಇಟ್ಟರೆ ಇದರ ಬಿಗಿಯಾದ ರೂಪವಾದ ಮಿಲ್ಲರ್–ರಾಬಿನ್ ಪರೀಕ್ಷೆ ಕೂಡ ಮೋಸಹೋಗುತ್ತದೆ. ಆಧಾರ 3 ಇಡಿ, ತಕ್ಷಣ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ: ಕೋಡ್‌ನಲ್ಲಿ ಶೇಷವನ್ನು ಮತ್ತೆ ಮತ್ತೆ ವರ್ಗ ಮಾಡುವಾಗ, ಶೇಷ 2³² ಆದರೆ ಅದರ ವರ್ಗ 2⁶⁴. ಚಿಹ್ನೆರಹಿತ 64 ಬಿಟ್‌ನಲ್ಲಿ ಅದು ಸೊನ್ನೆಯಾಗಿಬಿಡುತ್ತದೆ, ಗುಣಾಕಾರಕ್ಕೆ 128 ಬಿಟ್ ಬಳಸಿ.

6700417 ಅವಿಭಾಜ್ಯವೇ ಎಂಬುದಕ್ಕೆ ಕೈಲೆಕ್ಕ ಸಾಕು. ಇದು 2³²+1ರ ಅಪವರ್ತನವಾದ್ದರಿಂದ ಇದರ ಅವಿಭಾಜ್ಯ ಅಪವರ್ತನಗಳೆಲ್ಲ 128k+1 (k ಪೂರ್ಣಾಂಕ) ರೂಪದವೇ ಆಗಿರಬೇಕು. ವರ್ಗಮೂಲ ಸುಮಾರು 2588. ಅದರೊಳಗೆ ಅಂಥ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಐದರಿಂದಲೂ ಭಾಗವಾಗುವುದಿಲ್ಲ. ಹಾಗಾಗಿ ನಿಮ್ಮ ಸಂಖ್ಯೆ ಎರಡೇ ಅವಿಭಾಜ್ಯಗಳ ಗುಣಲಬ್ಧ.