ಬೇಯದ ಬೇಳೆ, ಹಿತ್ತಲ ಕೋಣೆಗೆ ತಲುಪದ ವೈಫೈ, ನಿವೃತ್ತಿಯ ಠೇವಣಿ

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಮೂರು ಕೂಗಿಗೆ ಹದವಾಗಿ ಬೇಯುವ ತೊಗರಿಬೇಳೆ ಇಲ್ಲಿ ಆರು ಕೂಗಿಸಿದರೂ ಇಡಿಯಾಗಿಯೇ ಉಳಿಯುತ್ತದೆ. ಅಂಗಡಿ ಬದಲಿಸಿ ನೋಡಿದೆ, ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿ ನೋಡಿದೆ. ಅತ್ತೆಯವರು ಚಿಟಿಕೆ ಅಡುಗೆ ಸೋಡಾ ಹಾಕು ಎನ್ನುತ್ತಾರೆ. ಹಾಕಬಹುದೇ?
— ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಅಂಗಡಿ, ಕುಕ್ಕರು ಎರಡನ್ನೂ ಬದಲಿಸಿದ ಮೇಲೆ ಉಳಿಯುವುದು ನೀರು. ಮಲೆನಾಡಿನ ಬಾವಿ ಮತ್ತು ಅಬ್ಬಿಯ ನೀರಿನಲ್ಲಿ ಲವಣಗಳು ಕಡಿಮೆ. ನಿಮ್ಮ ಕಡೆಯ ಆಳದ ಕೊಳವೆಬಾವಿಗಳ ನೀರಾದರೋ ಬಂಡೆಯ ಸಂದಿಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೀರಿಕೊಂಡು ಮೇಲೆ ಬರುತ್ತದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ಬೇಳೆ ಬೇಯುವುದೆಂದರೆ ಆ ಅಂಟು ಬಿಸಿನೀರಿನಲ್ಲಿ ಕರಗುವುದು. ಗಡಸು ನೀರಿನ ಕ್ಯಾಲ್ಸಿಯಂ ಇದೇ ಪೆಕ್ಟಿನ್ನನ್ನು ಬಿಗಿಯುವುದರಿಂದ ಎಷ್ಟು ಕೂಗಿಸಿದರೂ ಬೇಳೆ ಒಡೆಯುವುದಿಲ್ಲ. ಹಂಡೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುತ್ತಿದ್ದರೆ, ಸೋಪು ಸರಿಯಾಗಿ ನೊರೆ ಬಿಡದಿದ್ದರೆ, ನಿಮ್ಮ ನೀರು ಗಡಸು ಎಂದು ತಿಳಿಯಿರಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದ ಕಡೆ 600ರ ತನಕ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ.

ಆದರೂ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಡಬ್ಬಿಯ ಬೇಳೆಯನ್ನು ಒಂದೊಂದು ಹಿಡಿ ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಹೊಯ್ದು, ಒಂದೇ ಕುಕ್ಕರಿನಲ್ಲಿ ಇಟ್ಟು ಕೂಗಿಸಿ. ಎರಡನೆಯ ಬಟ್ಟಲಿನದು ಮಾತ್ರ ನುಣ್ಣಗಾದರೆ ತೊಂದರೆ ನೀರಿನದೇ. ಎರಡೂ ಗಟ್ಟಿಯಾಗಿ ಉಳಿದರೆ ಬೇಳೆ ಹಳೆಯದಾಗಿದೆ. ಸೆಕೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಕುಳಿತ ಬೇಳೆ ಯಾವ ನೀರಿನಲ್ಲೂ ಸುಲಭಕ್ಕೆ ಬೇಯುವುದಿಲ್ಲ.

ಸೋಡಾ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ. ಅತ್ತೆಯವರ ಮಾತು ಅನುಭವದ್ದು. ಆದರೆ ಸೋಡಾದ ಕ್ಷಾರಕ್ಕೆ ಬೇಳೆಯಲ್ಲಿರುವ ಥಯಾಮಿನ್, ಅಂದರೆ ಬಿ1 ಜೀವಸತ್ವ, ನಾಶವಾಗುತ್ತದೆ. ಸಾರಿನ ರುಚಿಯೂ ಕೆಡುತ್ತದೆ. ದಿನವೂ ಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅದರ ಬದಲು ಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ, ನೆನೆಯುವುದಕ್ಕೂ ಬೇಯುವುದಕ್ಕೂ ಘಟಕದ ನೀರನ್ನೇ ಬಳಸಿ. ಮನೆಯ ಅಡುಗೆಗೆಲ್ಲ ಅದು ಬೇಕಿಲ್ಲ, ಬೇಳೆಯ ಮೂರು ಲೋಟಕ್ಕಾದರೆ ಸಾಕು. ಘಟಕ ದೂರವಿದ್ದರೆ ನಲ್ಲಿಯ ನೀರನ್ನೇ ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಡಸುತನದ ಒಂದು ಭಾಗ ಸುಣ್ಣವಾಗಿ ತಳಕ್ಕಿಳಿಯುತ್ತದೆ, ಪೂರ್ತಿಯಾಗಿ ಅಲ್ಲ. ಹುಣಿಸೆಹುಳಿ, ಟೊಮೆಟೊಗಳನ್ನು ಬೇಳೆ ಬೆಂದ ಮೇಲೆಯೇ ಸೇರಿಸಿ, ಏಕೆಂದರೆ ಹುಳಿಯೂ ಪೆಕ್ಟಿನ್ ಕರಗದಂತೆ ತಡೆಯುತ್ತದೆ. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂಬ ಮಾತು ಮಾತ್ರ ಸರಿಯಲ್ಲ; ಮೊದಲೇ ಉಪ್ಪು ಬಿದ್ದರೂ ಚಿಂತೆ ಬೇಡ.

ಪ್ರಶ್ನೆ: ನಮ್ಮದು ಮುರಕಲ್ಲಿನ ಹಳೆಯ ಮನೆ. 100 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಚಾವಡಿಯಲ್ಲಿ ಎಲ್ಲವೂ ಸರಿ, ಮಗ ಓದುವ ಹಿತ್ತಲ ಕೋಣೆಯಲ್ಲಿ ತರಗತಿಯ ವಿಡಿಯೊ ನಿಂತು ನಿಂತು ಬರುತ್ತದೆ. ದೂರು ಕೊಟ್ಟರೆ 200ರ ಪ್ಲ್ಯಾನ್ ತೆಗೆದುಕೊಳ್ಳಿ ಎನ್ನುತ್ತಾರೆ.
— ಓದುಗರು, ಪುತ್ತೂರು

ಉತ್ತರ: ದಯವಿಟ್ಟು ಸದ್ಯಕ್ಕೆ ಪ್ಲ್ಯಾನ್ ಬದಲಿಸಬೇಡಿ. ನೀವು ಹಣ ಕೊಡುವ ವೇಗ ರೂಟರಿನ ತನಕ ಬರುವ ವೇಗ. ಅಲ್ಲಿಂದ ಕೋಣೆಗೆ ಹೋಗುವ ದಾರಿ ನಿಮ್ಮ ಮನೆಯೊಳಗಿನದು. ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ ವೇಗ ಪರೀಕ್ಷಿಸಿ. 90ರ ಆಸುಪಾಸು ತೋರಿಸಿದರೆ ಕಂಪನಿಯ ಕಡೆಯಿಂದ ಕೊರತೆಯಿಲ್ಲ, ಮತ್ತು 200ರ ಪ್ಲ್ಯಾನ್ ಹಿತ್ತಲ ಕೋಣೆಗೆ ಏನನ್ನೂ ತಂದುಕೊಡುವುದಿಲ್ಲ. ಬಹಳ ಕಡಿಮೆ ತೋರಿಸಿದರೆ ಆ ಫಲಿತಾಂಶದ ಚಿತ್ರ ತೆಗೆದುಕೊಂಡು ಲಿಖಿತವಾಗಿ ದೂರು ಕೊಡಿ. ಇಲ್ಲಿ ಒಂದು ಲೆಕ್ಕ ನೆನಪಿರಲಿ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 1 ಜಿಬಿಯ ಕಡತ ಇಳಿಯಲು ಸುಮಾರು 80 ಸೆಕೆಂಡು ಹಿಡಿದರೆ ಅದು ಸರಿಯಾದ ವೇಗವೇ.

ರೂಟರು ಎರಡು ಅಲೆಗಳಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್ ಅಲೆ ವೇಗವಾದದ್ದು, ಆದರೆ ದಪ್ಪ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ, 2.4ರದ್ದು ನಿಧಾನವಾದರೂ ಗೋಡೆ ದಾಟುವುದರಲ್ಲಿ ಮೇಲು. ಮಗನ ಲ್ಯಾಪ್‌ಟಾಪು ವೈಫೈ ಪಟ್ಟಿಯಲ್ಲಿ ಕಾಣುವ 2.4ರ ಹೆಸರಿಗೆ ಜೋಡಿಸಿಕೊಳ್ಳಲಿ. ರೂಟರು ಟಿವಿಯ ಹಿಂದೆ ಅಥವಾ ಕಬ್ಬಿಣದ ಕಪಾಟಿನ ಪಕ್ಕದಲ್ಲಿದ್ದರೆ ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕಿಂತ ಮೇಲೆ ತನ್ನಿ. ಮುರಕಲ್ಲಿನ ಮೂರು ಗೋಡೆಗಳಿದ್ದರೆ ಇದಿಷ್ಟೇ ಸಾಲದು. ಆಗ ಚಾವಡಿಯಿಂದ ಹಿತ್ತಲ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ (100 ಮೀಟರಿನವರೆಗೆ ತೊಂದರೆಯಿಲ್ಲ), ಅದರ ತುದಿಗೆ ಇನ್ನೊಂದು ಸಾಧಾರಣ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲಿನಲ್ಲಿ ಬಂದದ್ದನ್ನು ಆ ಕೋಣೆಯಲ್ಲಿ ವೈಫೈಯಾಗಿ ಹರಡುವಂತೆ, ಇಡಿಸಿ. ಒಮ್ಮೆ ಮಾಡುವ ಈ ಖರ್ಚು ತಿಂಗಳು ತಿಂಗಳು ಕಟ್ಟುವ ಹೆಚ್ಚಿನ ಬಾಡಿಗೆಗಿಂತ ಲೇಸು. ಅಂಗಡಿಯವರು ರಿಪೀಟರ್ ತೋರಿಸಿದರೆ ಅವಸರಪಡಬೇಡಿ. ಸಿಕ್ಕಿದ ಅಲೆಯನ್ನೇ ಹಿಡಿದು ಮತ್ತೆ ಬಿಡುವ ಅಗ್ಗದ ಸಾಧನಗಳಲ್ಲಿ ವೇಗ ಅರ್ಧಕ್ಕಿಳಿಯುವುದು ಸಾಮಾನ್ಯ.

ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವುದನ್ನು ನಿಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಅಡಾಪ್ಟರಿನ ದಾರಿಯಿಂದ ರೂಟರು ಸುಡುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ಕೈಯಲ್ಲಿರುವ 12 ಲಕ್ಷ ರೂಪಾಯಿಯನ್ನು ಊರಿನ ಸೌಹಾರ್ದ ಸಹಕಾರಿಯಲ್ಲಿ ಇಟ್ಟರೆ ಬ್ಯಾಂಕಿಗಿಂತ ಶೇಕಡ 2 ಹೆಚ್ಚು ಬಡ್ಡಿ ಸಿಗುತ್ತದೆ. 5 ಲಕ್ಷದವರೆಗೆ ವಿಮೆ ಇದೆಯಲ್ಲವೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆ ವಿಮೆ ಬ್ಯಾಂಕುಗಳಿಗೆ ಮಾತ್ರ, ಗುರುಗಳೇ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ವಾಣಿಜ್ಯ ಬ್ಯಾಂಕುಗಳ ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ಖಾತರಿ ಕೊಡುತ್ತದೆ. 2020ರ ಫೆಬ್ರುವರಿ 4ರಿಂದ ಅದರ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಪತ್ತಿನ ಸಹಕಾರ ಸಂಘಗಳಿಗೂ, 1997ರ ಸೌಹಾರ್ದ ಕಾಯ್ದೆಯಡಿ ನೋಂದಾಯಿತವಾಗಿದ್ದು ಬ್ಯಾಂಕಿಂಗ್ ಪರವಾನಗಿ ಇಲ್ಲದ ಸಹಕಾರಿಗಳಿಗೂ ಅದು ಅನ್ವಯಿಸುವುದಿಲ್ಲ. ಅವುಗಳಲ್ಲಿ ಚೆನ್ನಾಗಿ ನಡೆಯುವವು ಇಲ್ಲವೆಂದಲ್ಲ; ಆದರೆ ದುಡಿಮೆಯ ದಿನಗಳು ಮುಗಿದ ಮೇಲೆ ಇದ್ದ ಹಣವನ್ನೆಲ್ಲ ಖಾತರಿಯಿಲ್ಲದ ಒಂದೇ ಕಡೆ ಇಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ರಿಸರ್ವ್ ಬ್ಯಾಂಕಿನ ಪರವಾನಗಿ ತೋರಿಸಿ ಎಂದು ಅವರನ್ನೇ ಕೇಳಿ.

ಬ್ಯಾಂಕಿನಲ್ಲಿ ಇಡುವಾಗಲೂ ಒಂದು ಸೂಕ್ಷ್ಮವಿದೆ: ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ. ಅದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಹಂಚಿಟ್ಟರೆ ಪ್ರಯೋಜನವಿಲ್ಲ, ಬ್ಯಾಂಕುಗಳೇ ಬೇರೆಯಾಗಿರಬೇಕು. ನಿಮಗೆ 60 ತುಂಬಿರುವುದರಿಂದ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನೂ ವಿಚಾರಿಸಿ. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ, 30 ಲಕ್ಷದವರೆಗೆ ಅವಕಾಶ, ಹಿಂದೆ ಕೇಂದ್ರ ಸರ್ಕಾರವಿದೆ.

ಪ್ರಶ್ನೆ: ಗ್ಯಾಸ್ ಸಿಲಿಂಡರಿನ ಮೇಲೆ ‘ಬಿ-27’ ಎಂದು ಬರೆದಿದೆ. ಆಮೇಲೆ ಗ್ಯಾಸ್ ಕೆಡುತ್ತದೆಯೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅದು ಸಿಲಿಂಡರನ್ನು ಮುಂದಿನ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು, ಗ್ಯಾಸಿನದ್ದಲ್ಲ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ತ್ರೈಮಾಸಿಕಗಳು. ‘ಬಿ-27’ ಎಂದರೆ 2027ರ ಜೂನ್ ಕೊನೆ. ಗಡುವು ಮೀರಿದ ಸಿಲಿಂಡರು ತಂದರೆ ಬೇರೆಯದನ್ನು ಕೇಳಿ ಪಡೆಯಿರಿ. ಖಾಲಿ ಸಿಲಿಂಡರಿನ ತೂಕವೂ ಅದರ ಮೇಲೆಯೇ ಇರುತ್ತದೆ, ಅದಕ್ಕೆ 14.2 ಕಿಲೊ ಸೇರಿಸಿದರೆ ತುಂಬಿದ ತೂಕ ಬರಬೇಕು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲನ್ನು ಪೂರ್ತಿ ತೆರೆಯಿರಿ, ಏಕೆಂದರೆ ಈ ಗ್ಯಾಸ್ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲೇ ಹರಡುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು. ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ.